ಅಪ್ಪನ ಚಾವಡಿಯಲ್ಲಿರುವ ಶೇಖ್ ಝಾಯೆದ್: ಎಣ್ಣೆಯ ಭಾಗ್ಯವಾ, ಮನುಷ್ಯನ ಗುಣವಾ?

ಕಾಪು ಲೈಟ್‌ಹೌಸ್:

ಎಲ್ಲರಿಗೂ ನಮಸ್ಕಾರ. ಕಾಪುವಿನ ನಮ್ಮ ಮನೆಯ ಚಾವಡಿಯಲ್ಲಿ ಮೂರು ಫೋಟೊ ಉಂಟು. ಒಂದು ಅಜ್ಜನದ್ದು, ಒಂದು ಉಡುಪಿ ಕೃಷ್ಣನದ್ದು, ಮೂರನೆಯದು ಅಬುಧಾಬಿಯ ದೊರೆಯಾಗಿದ್ದ, ಯುಎಇ ದೇಶ ಕಟ್ಟಿದ ಶೇಖ್ ಝಾಯೆದ್ ಅವರದ್ದು. ಅಪ್ಪ 1979ರಿಂದ 2005ರವರೆಗೆ ಅಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಆ ಫೋಟೊ ಯಾಕೆ ಅಂತ ನಾವು ಯಾರೂ ಕೇಳಿದವರಲ್ಲ, ಹುಟ್ಟಿದಾಗಿನಿಂದ ನೋಡಿ ನೋಡಿ ಅಭ್ಯಾಸ ಆಗಿಬಿಟ್ಟಿತ್ತು.

ಈಗ ನನ್ನ ಮಗ ಕೇಳಿದ. ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ದೇಶ ಕಟ್ಟಿದ ನಾಯಕರ ಬಗ್ಗೆ ಭಾಷಣ ಸ್ಪರ್ಧೆ ಉಂಟು. ಬೇರೆ ಮಕ್ಕಳು ಗಾಂಧೀಜಿ, ನೆಹರು, ಮಂಡೇಲಾ ಅಂತ ಹಂಚಿಕೊಂಡಿದ್ದಾರೆ. ಇವನು ಅಜ್ಜನ ಮನೆಯ ಫೋಟೊದವರ ಬಗ್ಗೆಯೇ ಮಾತಾಡುತ್ತೇನೆ ಅಂತ ಹಠ ಹಿಡಿದಿದ್ದಾನೆ. ಅಪ್ಪನನ್ನು ಕೇಳಿದರೆ "ಒಳ್ಳೆಯ ಜನ ಅವರು" ಅಂತ ಹೇಳಿ ಸುಮ್ಮನಾಗುತ್ತಾರೆ. ಮೊದಲಿನಿಂದಲೂ ಅವರು ಮಾತು ಕಡಿಮೆ. ನನ್ನ ತಮ್ಮ ಹೇಳುವುದೇ ಬೇರೆ. ಎಣ್ಣೆ ಸಿಕ್ಕಿತು, ದುಡ್ಡು ಬಂತು, ಆ ಕುರ್ಚಿಯಲ್ಲಿ ಯಾರು ಕೂತಿದ್ದರೂ ಅಷ್ಟೇ ಆಗುತ್ತಿತ್ತು ಅನ್ನುತ್ತಾನೆ. ಹೌದಾ? ಅಲ್ಲಿ ಇದ್ದು ಬಂದವರು, ಓದಿದವರು ಯಾರಾದರೂ ಹೇಳಿ. ಬರೀ ಹೊಗಳಿಕೆ ಬೇಡ, ಮಗನಿಗೆ ಸರಿಯಾದ ವಿಷಯ ಸಿಗಬೇಕು.

ಅಡ್ಯನಡ್ಕದವ:

ಅಕ್ಕ, ನಾನು ಅಬುಧಾಬಿಗೆ ಸೇರಿದ ಅಲ್ ಐನ್‌ನಲ್ಲಿ 22 ವರ್ಷ ತೋಟದ ಕೆಲಸ ಮಾಡಿ ಬಂದವನು. ನಿಮ್ಮ ತಮ್ಮನಿಗೆ ಒಂದು ಪ್ರಶ್ನೆ ಕೇಳಿ. ಅಬುಧಾಬಿಯಲ್ಲಿ ಎಣ್ಣೆ ಸಿಕ್ಕಿದ್ದು 1958ರಲ್ಲಿ. ಹಡಗಿಗೆ ತುಂಬಿಸಿ ಹೊರಗೆ ಕಳಿಸಿದ್ದು 1962ರಿಂದ. ಝಾಯೆದ್ ಅಬುಧಾಬಿಯ ದೊರೆ ಆದದ್ದು 1966ರ ಆಗಸ್ಟ್ 6ಕ್ಕೆ. ನಡುವಿನ ನಾಲ್ಕು ವರ್ಷ ದುಡ್ಡು ಬರುತ್ತಿತ್ತಲ್ಲ, ಆಗ ಯಾಕೆ ಊರು ಬದಲಾಗಲಿಲ್ಲ? ಆಗ ಆಳುತ್ತಿದ್ದವರು ಅವರ ಅಣ್ಣ ಶಖ್ಬೂತ್. 1928ರಿಂದ ಅವರದ್ದೇ ಆಡಳಿತ. ಕೆಟ್ಟವರಲ್ಲ, ಆದರೆ ಖರ್ಚು ಮಾಡಲು ಹೆದರಿಕೆ, ಹೊಸತು ಅಂದರೆ ಅನುಮಾನ. ಕೊನೆಗೆ ಮನೆಯವರೇ ಕೂತು ತಮ್ಮನನ್ನು ಕೂರಿಸಿದರು, ರಕ್ತ ಹರಿಯಲಿಲ್ಲ. ಎಣ್ಣೆ ಅದೇ, ಊರು ಅದೇ. ಬದಲಾದದ್ದು ಮನುಷ್ಯ.

ಅದಕ್ಕಿಂತ ಮುಂಚಿನ ಕಥೆ ನನಗೆ ಜಾಸ್ತಿ ಇಷ್ಟ. 1946ರಿಂದ ಇಪ್ಪತ್ತು ವರ್ಷ ಅವರು ಅಲ್ ಐನ್ ಕಡೆ ನೋಡಿಕೊಳ್ಳುತ್ತಿದ್ದರು. ಕೈಯಲ್ಲಿ ಎಣ್ಣೆಯ ದುಡ್ಡು ಇಲ್ಲ. ಇದ್ದದ್ದು ಖರ್ಜೂರದ ತೋಟ ಮತ್ತು ನೀರಿನ ಜಗಳ. ಅಲ್ಲಿ ಫಲಜ್ ಅಂತ ಉಂಟು. ನಮ್ಮ ಅಡ್ಯನಡ್ಕ, ಬಾಯಾರು, ಮಾಣಿಲ ಕಡೆ ಗುಡ್ಡಕ್ಕೆ ಸುರಂಗ ಕೊರೆದು ನೀರು ತರುತ್ತೇವಲ್ಲ, ಹೆಚ್ಚುಕಡಿಮೆ ಅದೇ. ನಮ್ಮದು ಮುರಕಲ್ಲಿನ ಗುಡ್ಡ, ಒಂದು ಮನೆಯ ತೋಟಕ್ಕೆ ಸಾಕಾಗುವಷ್ಟು. ಅವರದ್ದು ಬೆಟ್ಟದ ಬುಡದಿಂದ ನೆಲದ ಅಡಿಯಲ್ಲೇ ಕಿಲೋಮೀಟರ್‌ಗಟ್ಟಲೆ ಬಂದು ಇಡೀ ಊರಿನ ತೋಟಕ್ಕೆ ಹಂಚಿ ಹೋಗುತ್ತದೆ. ಯಾರಿಗೆ ಎಷ್ಟು ಹೊತ್ತು ನೀರು ಅಂತ ಪಾಲು ಇರುತ್ತದೆ. ಆ ಪಾಲು ಕೆಲವೇ ದೊಡ್ಡ ಮನೆಗಳ ಕೈಯಲ್ಲಿ ಇತ್ತು, ಉಳಿದವರು ದುಡ್ಡು ಕೊಟ್ಟು ತೆಗೆದುಕೊಳ್ಳಬೇಕು. ಝಾಯೆದ್ ಹೂಳು ತುಂಬಿದ ಫಲಜ್‌ಗಳನ್ನು ಸರಿಮಾಡಿಸಿದರು, ಹೊಸದೊಂದನ್ನು ವರ್ಷಗಟ್ಟಲೆ ತೋಡಿಸಿದರು, ಆಮೇಲೆ ತಮ್ಮ ಮನೆಯವರ ಪಾಲನ್ನೂ ಸೇರಿಸಿ ನೀರಿನ ಹಕ್ಕನ್ನು ಸಡಿಲ ಮಾಡಿದರು. ತೋಟ ಇರುವ ಮನೆಯಲ್ಲಿ ಹುಟ್ಟಿದವರಿಗೆ ಗೊತ್ತು, ಅಣ್ಣ ತಮ್ಮ ಕೂಡ ನೀರಿನ ಪಾಲು ಬಿಟ್ಟುಕೊಡುವುದಿಲ್ಲ. ಮೊದಲು ತನ್ನ ಮನೆಯದ್ದು ಬಿಟ್ಟು ಆಮೇಲೆ ಬೇರೆಯವರನ್ನು ಕೇಳಿದ್ದು, ಅಲ್ಲೇ ನನಗೆ ಅವರ ಗುಣ ಕಾಣುವುದು.

ಆಮೇಲೆ ಯೆಮನ್‌ನ ಮಾರಿಬ್‌ನಲ್ಲಿ ಹಳೇ ಕಾಲದಲ್ಲಿ ಒಡೆದುಹೋದ ಅಣೆಕಟ್ಟಿನ ಹತ್ತಿರ ಹೊಸದು ಕಟ್ಟಲು ದುಡ್ಡು ಕೊಟ್ಟದ್ದೂ ಅವರೇ. 1986ರಲ್ಲಿ ಅದು ಮುಗಿಯಿತು.

ಬಲ್ಮಠ ಮೇಷ್ಟ್ರು:

ಅಡ್ಯನಡ್ಕದವರು ನೀರಿನ ವಿಷಯ ಹೇಳಿದ್ದು ತುಂಬ ಒಳ್ಳೆಯದಾಯಿತು, ಪುಸ್ತಕಗಳಲ್ಲಿ ಅದು ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ನಾನು ದೇಶ ಕಟ್ಟಿದ ಭಾಗ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಭಾಷಣಕ್ಕೆ ಬೇಕಾದದ್ದು ಆರಿಸಿಕೊಳ್ಳಲಿ.

1968ರ ಜನವರಿಯಲ್ಲಿ ಬ್ರಿಟಿಷರು ಹೇಳಿದರು, 1971 ಮುಗಿಯುವುದರೊಳಗೆ ನಾವು ಕೊಲ್ಲಿಯಿಂದ ಹೊರಡುತ್ತೇವೆ. ನಮ್ಮಲ್ಲಿ ಬ್ರಿಟಿಷರು ಹೋಗಲಿ ಅಂತ ಹೋರಾಟ ನಡೆದದ್ದು. ಅಲ್ಲಿ ಉಲ್ಟಾ. ಸೈನ್ಯದ ಖರ್ಚು ಬೇಕಾದರೆ ನಾನೇ ಕೊಡುತ್ತೇನೆ, ಇರಿ ಅಂತ ಝಾಯೆದ್ ಕೇಳಿದ್ದರು. ಚಿಕ್ಕ ಚಿಕ್ಕ ಸಂಸ್ಥಾನಗಳು, ಸುತ್ತ ದೊಡ್ಡ ದೊಡ್ಡ ದೇಶಗಳು, ಹೆದರಿಕೆ ಇದ್ದದ್ದು ನಿಜ. ಬ್ರಿಟಿಷರು ಒಪ್ಪಲಿಲ್ಲ. ಅದಾದ ಒಂದೇ ತಿಂಗಳಲ್ಲಿ, ಫೆಬ್ರವರಿ 18ಕ್ಕೆ, ಅವರು ದುಬೈಯ ಶೇಖ್ ರಶೀದ್ ಅವರನ್ನು ಮರುಭೂಮಿಯ ನಡುವೆ ಭೇಟಿಯಾದರು. ಇಬ್ಬರೂ ಒಂದಾಗೋಣ ಅಂತ ಮಾತಾಯಿತು. ಅಬುಧಾಬಿಗೂ ದುಬೈಗೂ ಹಿಂದೆ ಗಡಿಗಾಗಿ ಯುದ್ಧವೇ ನಡೆದಿತ್ತು ಅನ್ನುವುದನ್ನು ಮರೆಯಬಾರದು. ಸಮುದ್ರದ ಗಡಿಯ ತಕರಾರನ್ನು ಅವತ್ತು ದುಬೈಗೆ ಅನುಕೂಲ ಆಗುವ ಹಾಗೆ ಮುಗಿಸಿದರು. ಇಲ್ಲಿಯೂ ಅದೇ ಗುಣ ನೋಡಿ, ಮೊದಲು ಬಿಟ್ಟುಕೊಡುವುದು.

ಬಹರೇನ್, ಕತಾರ್ ಸೇರಿಸಿ ಒಂಬತ್ತು ಸಂಸ್ಥಾನಗಳು ಒಂದಾಗಬೇಕಿತ್ತು. ಮೂರು ವರ್ಷ ಮಾತುಕತೆ ನಡೆದು ಅವೆರಡೂ ಬೇರೆಯಾದವು. 1971ರ ಡಿಸೆಂಬರ್ 2ಕ್ಕೆ ಆರು ಸಂಸ್ಥಾನಗಳು ಸೇರಿ ಯುಎಇ ಅನ್ನುವ ದೇಶ ಹುಟ್ಟಿತು. ಎರಡು ದಿನ ಮುಂಚೆ ಇರಾನ್ ಬಂದು ಮೂರು ದ್ವೀಪಗಳಲ್ಲಿ ಸೈನ್ಯ ಇಳಿಸಿತ್ತು. ಏಳನೆಯದಾಗಿ ರಾಸ್ ಅಲ್ ಖೈಮಾ ಸೇರಿದ್ದು 1972ರ ಫೆಬ್ರವರಿ 10ಕ್ಕೆ. ಅದರ ನಡುವೆ ಜನವರಿಯಲ್ಲಿ ಶಾರ್ಜಾದ ದೊರೆಯ ಕೊಲೆಯೂ ಆಯಿತು. ಮಗು ಹುಟ್ಟಿ ಎರಡು ತಿಂಗಳು ಆಗಿಲ್ಲ, ಅಷ್ಟರಲ್ಲಿ ಇಷ್ಟೆಲ್ಲ! ಆದರೂ ಅದು ಉಳಿಯಿತು. ಸೌದಿಯವರಂತೂ 1974ರಲ್ಲಿ ಗಡಿ ಒಪ್ಪಂದ ಆದ ಮೇಲೆಯೇ ಈ ದೇಶವನ್ನು ಒಪ್ಪಿಕೊಂಡದ್ದು.

ಮಗನಿಗೆ ಒಂದು ವಿಷಯ ಖಂಡಿತ ಹೇಳಿ. ಎಲ್ಲ ಸುಸೂತ್ರ ನಡೆಯಿತು ಅಂತ ಬರೆಯಬೇಡ ಅಂತ. ಪ್ರತಿ ಸಂಸ್ಥಾನಕ್ಕೂ ತನ್ನದೇ ದೊರೆ, ತನ್ನದೇ ಹಠ. 1976ರಲ್ಲಿ ಒಕ್ಕೂಟ ಗಟ್ಟಿಯಾಗುತ್ತಿಲ್ಲ ಅಂತ ಬೇಜಾರಾಗಿ ನಾನು ಇನ್ನೊಂದು ಅವಧಿಗೆ ಅಧ್ಯಕ್ಷನಾಗಿ ಇರುವುದಿಲ್ಲ ಅಂದುಬಿಟ್ಟರು ಝಾಯೆದ್. ಬೇರೆ ಬೇರೆ ಸೈನ್ಯಗಳನ್ನು ಒಂದು ಮಾಡುವ ನಿರ್ಧಾರ ಆದದ್ದು ಅದೇ ವರ್ಷ. 1979ರಲ್ಲಿ ಮತ್ತೆ ದುಬೈ ಜೊತೆ ದೊಡ್ಡ ಜಗ್ಗಾಟ, ಕುವೈತಿನವರು ನಡುವೆ ಬಂದರು, ಕೊನೆಗೆ ರಶೀದ್ ಅವರೇ ಪ್ರಧಾನಿಯಾದರು. ದುಡ್ಡು ಹೆಚ್ಚು ಹಾಕುತ್ತಿದ್ದವರು ಅಬುಧಾಬಿಯವರು, ಬೇಕಾದರೆ ಒತ್ತಾಯ ಮಾಡಬಹುದಿತ್ತು. ಮಾಡಲಿಲ್ಲ. ತಾತ್ಕಾಲಿಕ ಸಂವಿಧಾನ ಅಂತ 1971ರಲ್ಲಿ ಬರೆದದ್ದು ಕಾಯಂ ಆದದ್ದು 1996ರಲ್ಲಿ, 25 ವರ್ಷ ಕಾದರು. ಅದೇ ಕಾಲದ ಎಷ್ಟೋ ಅರಬ್ ಒಕ್ಕೂಟಗಳು ನಾಲ್ಕು ವರ್ಷ ಬಾಳಲಿಲ್ಲ. ಈಜಿಪ್ಟ್ ಮತ್ತು ಸಿರಿಯಾ 1958ರಲ್ಲಿ ಒಂದಾಗಿ 1961ರಲ್ಲಿ ಬೇರೆಯಾದವು. ನನ್ನ ಪ್ರಕಾರ ಅವರ ದೊಡ್ಡ ಶಕ್ತಿ ಎಣ್ಣೆಯೂ ಅಲ್ಲ, ಧೈರ್ಯವೂ ಅಲ್ಲ, ತಾಳ್ಮೆ.

ಸುರತ್ಕಲ್ ಬೀಚ್:

ಮೇಷ್ಟ್ರೇ, ಅಣ್ಣ, ನೀವು ಹೇಳಿದ್ದು ಯಾವುದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಅಕ್ಕ ಬರೀ ಹೊಗಳಿಕೆ ಬೇಡ ಅಂದಿದ್ದಾರೆ, ಹಾಗಾಗಿ ಹೇಳಬೇಕು. ನಾನು ಅಲ್ಲಿ ಆರು ವರ್ಷ ಇದ್ದೆ. ಇಳಿದ ದಿನವೇ ನಮ್ಮ ಕಂಪೆನಿಯವರು ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡರು. ಅಮ್ಮ ತೀರಿಹೋದಾಗ ಅದು ಕೈಗೆ ಬಂದದ್ದು ಐದನೇ ದಿನ. ನಾನು ಊರಿಗೆ ಮುಟ್ಟುವಾಗ ಎಲ್ಲ ಮುಗಿದಿತ್ತು. ಆ ನೋವು ಇವತ್ತಿಗೂ ಉಂಟು.

ಅದು ಕಂಪೆನಿಯ ತಪ್ಪು, ದೊರೆಯದ್ದಲ್ಲ ಅಂತ ಹೇಳುತ್ತಾರೆ. ಆದರೆ ಕೆಲಸಗಾರನ ವೀಸಾವನ್ನು ಒಬ್ಬ ಯಜಮಾನನ ಕೈಗೆ ಕಟ್ಟಿಹಾಕುವ ಪದ್ಧತಿ ಅವರ ಕಾಲದಲ್ಲೇ ಬೆಳೆದದ್ದು ಅಲ್ವಾ? ಸಂಘ ಕಟ್ಟಲು ಬಿಡಲಿಲ್ಲ. ಮೂವತ್ತು ವರ್ಷ ದುಡಿದರೂ ನಾಗರಿಕ ಆಗುವುದು ತೀರಾ ಅಪರೂಪ. ಅವರ ಸ್ವಂತ ಜನರಿಗೂ ಓಟು ಇರಲಿಲ್ಲ, ಒಕ್ಕೂಟದ ಪರಿಷತ್ತಿನ 40 ಸದಸ್ಯರೂ ದೊರೆಗಳು ಹೆಸರಿಸಿದವರೇ. ಮೊದಲ ಸಲ ಚುನಾವಣೆ ಅಂತ ಆದದ್ದು 2006ರಲ್ಲಿ, ಅವರು ಹೋದ ಮೇಲೆ, ಅದೂ ಅರ್ಧ ಸೀಟಿಗೆ. ದೇಶ ಕಟ್ಟಿದವರು ಅಂದಾಗ ಕಲ್ಲು ಹೊತ್ತವರ ಲೆಕ್ಕವೂ ಬರಬೇಕು. ನಿಮ್ಮ ಅಪ್ಪನೂ ಅದರಲ್ಲಿ ಒಬ್ಬರು ಅಕ್ಕ.

ಅಡ್ಯನಡ್ಕದವ:

ತಮ್ಮಾ, ಅಮ್ಮನ ವಿಷಯ ಓದಿ ತುಂಬ ಬೇಸರ ಆಯಿತು. ಪಾಸ್‌ಪೋರ್ಟ್ ವಿಷಯ ನೂರಕ್ಕೆ ನೂರು ಸತ್ಯ, ನನ್ನದೂ ಆಫೀಸಿನ ಕಪಾಟಿನಲ್ಲೇ ಇತ್ತು. ನಿನ್ನ ಮಾತು ಭಾಷಣದಲ್ಲಿ ಇರಲೇಬೇಕು.

ಬಲ್ಮಠ ಮೇಷ್ಟ್ರು:

ಒಪ್ಪುತ್ತೇನೆ. ಮಜ್ಲಿಸಿನಲ್ಲಿ, ಅಂದರೆ ದೊರೆಯ ಚಾವಡಿಯಲ್ಲಿ, ಕೂತು ಯಾರು ಬಂದರೂ ಅಹವಾಲು ಕೇಳುವುದು ಅವರ ರೀತಿ, ಜನರಿಗೆ ಅದು ಇಷ್ಟವೂ ಆಗಿತ್ತು. ಆದರೆ ಊರು ಸಣ್ಣದಿದ್ದಾಗ ಅದು ನಡೆಯುತ್ತದೆ. ಲಕ್ಷಗಟ್ಟಲೆ ಜನ ಹೊರಗಿನಿಂದ ಬಂದ ಮೇಲೆ ಕ್ಯಾಂಪಿನಲ್ಲಿ ಇರುವವನು ಮಜ್ಲಿಸಿಗೆ ಹೇಗೆ ಮುಟ್ಟುವುದು? ಅಲ್ಲಿ ಕಾನೂನು ಬೇಕಿತ್ತು, ಅದು ತುಂಬ ನಿಧಾನವಾಗಿ ಬಂತು.

ಇನ್ನೊಂದು, ಕರಾವಳಿಯ ಮಕ್ಕಳಿಗೆ ಖುಷಿ ಕೊಡುವ ವಿಷಯ. 1966ರವರೆಗೆ ಅಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿ. ಕೊಲ್ಲಿಗೆ ಅಂತಲೇ 1959ರಲ್ಲಿ ರಿಸರ್ವ್ ಬ್ಯಾಂಕ್ ಬೇರೆ ಬಣ್ಣದ ನೋಟು ಅಚ್ಚು ಹಾಕಿತ್ತು. 1966ರ ಜೂನ್‌ನಲ್ಲಿ ನಮ್ಮ ರೂಪಾಯಿಯ ಬೆಲೆ ಇಳಿಸಿದ ಮೇಲೆ ಅವರು ಬಿಟ್ಟರು. ಅವರ ದಿರ್ಹಮ್ ಬಂದದ್ದು 1973ರಲ್ಲಿ.

ಕಾಪು ಲೈಟ್‌ಹೌಸ್:

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟ ಆದ ಮೇಲೆ ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಸುರತ್ಕಲ್‌ನವರದ್ದು ಓದುವಾಗ ಅಪ್ಪ ಕನ್ನಡಕ ತೆಗೆದಿಟ್ಟು ಕೂತರು. ಆಮೇಲೆ ಹೇಳಿದರು, 1983ರಲ್ಲಿ ಅವರ ಕಂಪೆನಿಯೂ ನಾಲ್ಕು ತಿಂಗಳು ಸಂಬಳ ಕೊಟ್ಟಿರಲಿಲ್ಲವಂತೆ, ಅಮ್ಮ ಇಲ್ಲಿ ಬಳೆ ಅಡವಿಟ್ಟು ಮನೆ ನಡೆಸಿದ್ದಂತೆ. ನಮಗೆ ಯಾರಿಗೂ ಇದು ಗೊತ್ತಿರಲಿಲ್ಲ.

"ಮತ್ತೆ ಫೋಟೊ ಯಾಕೆ ಅಜ್ಜ?" ಅಂತ ಮಗ ಕೇಳಿದ. ಅಪ್ಪ 2004ರ ನವೆಂಬರ್ 2ರ ರಾತ್ರಿಯ ಕಥೆ ಹೇಳಿದರು. ರಮ್ಜಾನ್ ತಿಂಗಳು. ಕ್ಯಾಂಪಿನಲ್ಲಿ ಟಿವಿಯಲ್ಲಿ ಕುರಾನ್ ಓದುವುದು ಶುರುವಾಯಿತು, ಆಗಲೇ ಎಲ್ಲರಿಗೂ ಗೊತ್ತಾಯಿತಂತೆ. ಮಲ್ಪೆಯವರು, ಕಾಸರಗೋಡಿನವರು, ಪೇಶಾವರದವರು ಎಲ್ಲ ಒಂದೇ ರೂಮಿನಲ್ಲಿ. ಪೇಶಾವರದ ಒಬ್ಬ ವಯಸ್ಸಾದ ಫೋರ್‌ಮನ್ ಜೋರಾಗಿ ಅತ್ತರಂತೆ. "ನಾವು ಹೋದಾಗ ಅದು ಮರಳು. ಆ ಮನುಷ್ಯ ಮರ ನೆಡಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸಂಬಳ ಕೊಡದವನ ಮೇಲೆ ಸಿಟ್ಟು ಉಂಟು, ಅದು ಹೋಗುವುದಿಲ್ಲ. ಇದೂ ಹೋಗುವುದಿಲ್ಲ" ಅಂದರು ಅಪ್ಪ. ಅವರು ಒಟ್ಟಿಗೆ ಇಷ್ಟು ಮಾತಾಡಿದ್ದು ನಾನು ನೋಡಿಯೇ ಇಲ್ಲ.

ಮಗ ಈಗ ಭಾಷಣವನ್ನು ಫಲಜ್‌ನಿಂದ ಶುರುಮಾಡುತ್ತಾನಂತೆ, ಪಾಸ್‌ಪೋರ್ಟ್ ವಿಷಯವೂ ಸೇರಿಸುತ್ತಾನಂತೆ. ಅಡ್ಯನಡ್ಕದ ಅಣ್ಣ, ಒಂದು ಕೇಳಲಾ? ಅವನು ಸುರಂಗ ನೋಡಿಯೇ ಇಲ್ಲ. ಈ ಭಾನುವಾರ ಅಪ್ಪನನ್ನೂ ಕರೆದುಕೊಂಡು ಬಂದರೆ ತೋರಿಸುತ್ತೀರಾ?

ಅಡ್ಯನಡ್ಕದವ:

ಬನ್ನಿ ಅಕ್ಕ, ಖಂಡಿತ ಬನ್ನಿ. ಊಟ ನಮ್ಮಲ್ಲೇ. ಒಂದು ಒಳ್ಳೆಯ ಟಾರ್ಚ್ ತನ್ನಿ, ಒಳಗೆ ಮೊಣಕಾಲಿನವರೆಗೆ ನೀರು ಉಂಟು. ಅಪ್ಪನಿಗೆ ಬಾಗಿಲಲ್ಲಿ ಕುರ್ಚಿ ಹಾಕಿಸುತ್ತೇನೆ, ಅಲ್ ಐನ್ ವಿಷಯ ಮಾತಾಡಲು ನನಗೂ ಒಬ್ಬರು ಸಿಕ್ಕಿದ ಹಾಗಾಯಿತು.