ಪದ ಬೇಕು: ‘ವಾಕಿಂಗ್ ಡ್ರಾಪ್ಲೆಟ್’, ‘ಪೈಲಟ್ ವೇವ್’

ಮಡಿಕೇರಿಯಿಂದ:
ಶನಿವಾರ ಕಾಲೇಜಿನ ವಿಜ್ಞಾನ ಪ್ರದರ್ಶನ. ಫಲಕ ಬರೆಯುವವರಿಗೆ ನಾಳೆ ಬೆಳಿಗ್ಗೆಯೊಳಗೆ ಸಾಲುಗಳನ್ನು ಕೊಡಬೇಕು. ತಟ್ಟೆಯಲ್ಲಿ ಸಿಲಿಕೋನ್ ಎಣ್ಣೆ. ಅಡಿಯಲ್ಲಿಟ್ಟ ಸ್ಪೀಕರ್ ಅದನ್ನು ಅದುರಿಸುತ್ತದೆ. ಅದೇ ಎಣ್ಣೆಯ ಹನಿಯೊಂದನ್ನು ಬಿಟ್ಟರೆ ನಡುವೆ ತೆಳುವಾದ ಗಾಳಿಪದರ ಉಳಿದು, ಹನಿ ಬೆರೆಯದೆ ಪುಟಿಯುತ್ತದೆ. ಅದುರಾಟ ಹೆಚ್ಚಿಸಿದರೆ ನಡೆಯತೊಡಗುತ್ತದೆ. 2005ರಲ್ಲಿ ಪ್ಯಾರಿಸ್ಸಿನ ಈವ್ ಕೂಡೆ, ಎಮಾನ್ಯುಯೆಲ್ ಫೋರ್ ಮತ್ತು ಸಂಗಡಿಗರು ತೋರಿಸಿಕೊಟ್ಟದ್ದು. ಈ ಹನಿಯೇ ವಾಕಿಂಗ್ ಡ್ರಾಪ್ಲೆಟ್, ಅದನ್ನು ನಡೆಸುವ ಅಲೆ ಪೈಲಟ್ ವೇವ್. ‘ಚಲನಶೀಲ ಬಿಂದು’, ‘ಚಾಲಕ ತರಂಗ’ ಎನ್ನಬಹುದೇ?

ವಿರಾಜಪೇಟೆಯಿಂದ:
ಬೇಡ. ಬಿಂದು ಎಂದರೆ ಮಕ್ಕಳಿಗೆ ರೇಖಾಗಣಿತದ ಚುಕ್ಕೆ. ಚಾಲಕ ಬಸ್ಸಿಗಿರಲಿ. ಇಲ್ಲಿ ಅಲೆಯನ್ನು ಎಬ್ಬಿಸುವುದೇ ಹನಿ. ಎಣ್ಣೆಯನ್ನು ತಾಕಿದಾಗಲೆಲ್ಲ ಒಂದು ಅಲೆ ಏಳುತ್ತದೆ. ಮತ್ತೆ ಬಿದ್ದಾಗ ಅದರ ಇಳಿಜಾರು ಹನಿಯನ್ನು ಮುಂದಕ್ಕೆ ತಳ್ಳುತ್ತದೆ. ಹಳೆಯ ಅಲೆಗಳು ಕೂಡಲೇ ಅಡಗುವುದಿಲ್ಲವಾದ್ದರಿಂದ ಹಿಂದೆ ಎಲ್ಲೆಲ್ಲಿ ಪುಟಿದಿತ್ತೋ ಅದೆಲ್ಲ ಮುಂದಿನ ಹೆಜ್ಜೆಯನ್ನು ತೀರ್ಮಾನಿಸುತ್ತದೆ. ಕನ್ನಡದಲ್ಲಿ ‘ಅಲೆ’ ನಾಮಪದವೂ ಹೌದು, ಕ್ರಿಯಾಪದವೂ ಹೌದು. ಅಲೆಯ ಮೇಲೆ ಅಲೆಯುವುದು ‘ಅಲೆಹನಿ’. ಪೈಲಟ್ ವೇವ್‌ಗೆ ‘ಒಯ್ಯಲೆ’. ಮನೆಯಲ್ಲಿ ಇಷ್ಟಿದ್ದೂ ಸಂಸ್ಕೃತದ ಬಾಗಿಲಿಗೆ ಸಾಲಕ್ಕೆ ಹೋಗಬೇಕೆ?

ಸೋಮವಾರಪೇಟೆಯಿಂದ:
‘ಒಯ್ಯಲೆ’ ಎಂದು ಬರೆದರೆ ಯಾರಾದರೂ ‘ಒಯ್ಯಿರಿ’ ಎಂದಾರು. ಭೌತವಿಜ್ಞಾನಿ ಲೂಯಿ ಡಿ ಬ್ರಾಗ್ಲಿ ಎಲೆಕ್ಟ್ರಾನಿನಂಥ ಸೂಕ್ಷ್ಮ ಕಣಗಳ ಬಗ್ಗೆ 1927ರಲ್ಲಿ ಮಂಡಿಸಿದ ಕಲ್ಪನೆಯಲ್ಲಿ ಅಲೆ ಕಣಕ್ಕೆ ದಾರಿ ತೋರಿಸುತ್ತದೆ. ‘ಮಾರ್ಗದರ್ಶಿ ಅಲೆ’ ಸಾಕು. ಅಚ್ಚಗನ್ನಡದ ವ್ರತ ಹಿಡಿದವರು ಕಾಫಿ ತೋಟಕ್ಕೆ ಕಾಲಿಟ್ಟೊಡನೆ ಪಾರ್ಚ್‌ಮೆಂಟ್, ಚೆರ್ರಿ, ಪಲ್ಪರ್ ಎನ್ನುತ್ತಾರಲ್ಲ, ಆಗ ನಾಲಿಗೆಗೆ ಮೈಲಿಗೆಯಿಲ್ಲವೇ?

ಪದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಅಲೆಯಂತೆಯೂ ವರ್ತಿಸುವ ಸೂಕ್ಷ್ಮ ಕಣಗಳನ್ನು ಈ ಹನಿ ಹೋಲುತ್ತದೆಂದು ‘ಕ್ವಾಂಟಮ್ ರಹಸ್ಯ ಬಯಲು’ ಎಂದು ಬರೆಸಬೇಡಿ. ಹನಿಗಳನ್ನು ಒಂದೊಂದಾಗಿ ಎರಡು ಸೀಳುಗಳತ್ತ (ಸ್ಲಿಟ್) ಬಿಟ್ಟಾಗ ಬೆಳಕಿನಂತೆಯೇ ಪಟ್ಟೆಗಳು ಮೂಡುತ್ತವೆ ಎಂದು ಪ್ಯಾರಿಸ್ಸಿನವರು 2006ರಲ್ಲಿ ಬರೆದಿದ್ದರು. ಡೆನ್ಮಾರ್ಕಿನಲ್ಲಿ ತೋಮಸ್ ಬೋರ್ (ಕ್ವಾಂಟಮ್ ಭೌತವಿಜ್ಞಾನಿ ನೀಲ್ಸ್ ಬೋರರ ಮೊಮ್ಮಗ) ಮತ್ತು ಸಂಗಡಿಗರು ಅದನ್ನೇ ಮತ್ತೆ ಮಾಡಿ ನೋಡಿದರು. 2015ರ ಅವರ ಲೇಖನದ ಪ್ರಕಾರ ಪಟ್ಟೆಗಳಿಲ್ಲ. ಹೋಲಿಕೆ ಎನ್ನಿ, ಪುರಾವೆ ಎನ್ನಬೇಡಿ.

ವಿರಾಜಪೇಟೆಯಿಂದ:
ಪಲ್ಪರ್ ಯಂತ್ರದ ಜೊತೆಗೇ ಬಂದ ಹೆಸರು. ಹನಿ, ಅಲೆ ಯಾವ ಹಡಗಿನಲ್ಲೂ ಬಂದವಲ್ಲ. ‘ಮಾರ್ಗದರ್ಶಿ’ ಎಂದು ಬರೆಸಿದರೆ ಪ್ರವಾಸಿಗರು ರಾಜಾಸೀಟಿಗೆ ದಾರಿ ಕೇಳುತ್ತಾರೆ.

ಸೋಮವಾರಪೇಟೆಯಿಂದ:
‘ಹೋಟೆಲ್’, ‘ಕಚೇರಿ’ಗಳನ್ನು ಯಾವ ಹಡಗಿಗೆ ವಾಪಸು ಹತ್ತಿಸುತ್ತೀರಿ?

ಮಡಿಕೇರಿಯಿಂದ:
ಇಬ್ಬರಿಗೂ ನಮಸ್ಕಾರ ಸರ್. ‘ನಡೆಯುವ ಹನಿ’, ‘ದಾರಿ ತೋರುವ ಅಲೆ’ ಎಂದು ಬರೆಯಲು ಕೊಟ್ಟಿದ್ದೇನೆ. ಪುರಾವೆಯ ಸಾಲನ್ನು ತೆಗೆಸಿದೆ. ಇನ್ನೊಂದು: ‘ಸ್ಲಿಟ್’ಗೆ ಬರೀ ‘ಸೀಳು’ ಸಾಕೇ, ‘ಸೀಳುಗಂಡಿ’ ಎನ್ನಬೇಕೇ? ವ್ಯುತ್ಪತ್ತಿ ಬೇಡ, ಒಂದೇ ಮಾತಿನಲ್ಲಿ ತಿಳಿಸಿ.