ಮಳೆಗಾಲದ ಕೆಂಪು ನೀರಲ್ಲಿ ಕ್ಲೋರ್‌ಪೈರಿಫಾಸ್ ಕೀಟನಾಶಕದ ರಿಕವರಿ (ಹಾಕಿದ್ದರಲ್ಲಿ ಅಳತೆಗೆ ಸಿಗುವ ಪಾಲು) ಅರ್ಧಕ್ಕೆ ಇಳಿಯುತ್ತಿದೆ, ಆನ್‌ಲೈನ್ ಎಸ್‌ಪಿಇ (ನೀರಿನ ಕೀಟನಾಶಕವನ್ನು ಸಣ್ಣ ಕಾಲಮ್‌ನಲ್ಲಿ ಹಿಡಿದು ನೇರ ಉಪಕರಣಕ್ಕೆ ಕೊಡುವ ವಿಧಾನ) ಬಳಸುವವರು ನೋಡಿ

ಕೂಡಿಗೆ‌ಲ್ಯಾಬ್:
ಹಾರಂಗಿ ಬಂದು ಸೇರುವ ಜಾಗಕ್ಕಿಂತ ಕೆಳಗೆ ತೆಗೆದ ಕಾವೇರಿ ನೀರು. ಆಟೋಸ್ಯಾಂಪ್ಲರ್ 10 ಮಿ.ಲೀ. ಎಳೆದು ನಿಮಿಷಕ್ಕೆ 1 ಮಿ.ಲೀ. ವೇಗದಲ್ಲಿ ಪಾಲಿಮರ್ ಟ್ರ್ಯಾಪ್ ಕಾಲಮ್‌ಗೆ ಹಾಕುತ್ತದೆ. ಆಮೇಲೆ ಆರು ಪೋರ್ಟಿನ ವಾಲ್ವ್ ತಿರುಗಿ, ಟ್ರ್ಯಾಪ್ ಹಿಡಿದದ್ದು ಹಿಮ್ಮುಖವಾಗಿ ಸಿ18 ಕಾಲಮ್‌ಗೆ (ಬೇರ್ಪಡಿಸಲು), ಅಲ್ಲಿಂದ ಟ್ರಿಪಲ್ ಕ್ವಾಡ್ ಮಾಸ್ ಸ್ಪೆಕ್ಟ್ರೋಮೀಟರ್‌ಗೆ (ಅಳೆಯಲು). ಅಟ್ರಜೀನ್ (ಕಳೆನಾಶಕ) ಸರಿಯಾಗಿ ಬರುತ್ತದೆ. ಕ್ಲೋರ್‌ಪೈರಿಫಾಸ್ ಮಾತ್ರ ಸ್ಪೈಕ್ ಮಾಡಿದ್ದರಲ್ಲಿ (ಗೊತ್ತಿರುವಷ್ಟು ಬೆರೆಸಿದ್ದರಲ್ಲಿ) ಅರ್ಧ. ಶುದ್ಧ ನೀರಿನ ಸ್ಟ್ಯಾಂಡರ್ಡ್ (ಗೊತ್ತಿರುವ ಪ್ರಮಾಣದ ಹೋಲಿಕೆ ದ್ರಾವಣ) ಕೂಡ ಟ್ರೇಯಲ್ಲಿ ರಾತ್ರಿಯಿಡೀ ಕೂತರೆ ಬೆಳಗ್ಗೆ ಕಡಿಮೆ ತೋರಿಸುತ್ತದೆ. ಫಿಲ್ಟರ್ 0.45 ಮೈಕ್ರಾನ್ ನೈಲಾನ್, ವಯಲ್ ಪ್ಲಾಸ್ಟಿಕ್. ಜೊತೆಗೆ ಜುಲೈನಲ್ಲಿ ಟ್ರ್ಯಾಪ್ ಒತ್ತಡವೂ ಏರುತ್ತಲೇ ಹೋಗುತ್ತದೆ.

ಬ್ರಹ್ಮಗಿರಿ:
ಸ್ಟ್ಯಾಂಡರ್ಡ್ ಕೂಡ ಇಳಿಯುತ್ತಿದೆ ಅಂದಮೇಲೆ ನದಿ ನೀರನ್ನು ದೂರಿ ಫಲವಿಲ್ಲ ಸರ್. ಅದು ಗೋಡೆಗೆ ಅಂಟುತ್ತಿದೆ. ಕ್ಲೋರ್‌ಪೈರಿಫಾಸ್‌ನ ಲಾಗ್ ಕೆಓಡಬ್ಲ್ಯೂ (ನೀರಿಗಿಂತ ಎಣ್ಣೆಯಂಥದ್ದಕ್ಕೆ ಒಲಿಯುವ ಅಳತೆ) 5ರ ಹತ್ತಿರ. ನೈಲಾನ್, ಪ್ಲಾಸ್ಟಿಕ್ ಎರಡೂ ಅದನ್ನು ಹಿಡಿದುಕೊಳ್ಳುತ್ತವೆ. ಕಂದು ಗಾಜಿನ ವಯಲ್, 0.7 ಮೈಕ್ರಾನ್ ಗ್ಲಾಸ್ ಫೈಬರ್ ಫಿಲ್ಟರ್‌ಗೆ ಬದಲಾಯಿಸಿ. 10 ಮಿ.ಲೀ.ಗೆ 0.5 ಮಿ.ಲೀ. ಮೆಥನಾಲ್ ಸೇರಿಸಿ, ಸ್ಟ್ಯಾಂಡರ್ಡ್‌ಗೂ ಅಷ್ಟೇ. ಡಿ10 ಕ್ಲೋರ್‌ಪೈರಿಫಾಸ್ ಅನ್ನು (ಹತ್ತು ಹೈಡ್ರೋಜನ್ ಬದಲು ಡ್ಯುಟೀರಿಯಂ ಇರುವ ಅದೇ ಅಣು) ಫಿಲ್ಟರ್‌ಗೆ ಮೊದಲೇ ಹಾಕಬೇಕು. ಆಗ ಫಿಲ್ಟರಿನಲ್ಲಿ ಆಗುವ ನಷ್ಟವನ್ನು ಅದೇ ಸರಿದೂಗಿಸುತ್ತದೆ. ಖಾತ್ರಿಯಾಗಬೇಕಾದರೆ ಒಂದೇ ಸ್ಟ್ಯಾಂಡರ್ಡನ್ನು ಫಿಲ್ಟರ್ ಮಾಡಿ ಮತ್ತು ಮಾಡದೆ ಓಡಿಸಿ ಹೋಲಿಸಿ.

ಇನ್ನೊಂದು ವಿಷಯ, ಕೆಂಪು ನೀರಲ್ಲಿ ಈ ವಿಷದ ಒಂದು ಪಾಲು ಮಣ್ಣಿನ ಕಣಕ್ಕೆ ಅಂಟಿಕೊಂಡೇ ಬಂದಿರುತ್ತದೆ. ಫಿಲ್ಟರ್ ಮಾಡಿದ್ದನ್ನು ಓಡಿಸಿದರೆ ಕರಗಿದ ಭಾಗ ಮಾತ್ರ ಸಿಗುತ್ತದೆ. ವರದಿಯಲ್ಲಿ ಹಾಗೆಂದು ಬರೆಯಲೇಬೇಕು. ಒಟ್ಟು ಬೇಕಿದ್ದರೆ ಫಿಲ್ಟರ್ ಹಾಳೆಯನ್ನೂ ಅಸಿಟೋನೈಟ್ರೈಲ್‌ನಲ್ಲಿ ಸೋನಿಕೇಟ್ ಮಾಡಿ ಬೇರೆ ಅಳೆಯಿರಿ. ಕಾಫಿಗೆ ಬಿಳಿ ಕಾಂಡಕೊರಕ ಹಾರುವುದು ಏಪ್ರಿಲ್-ಮೇ, ಮತ್ತೆ ಅಕ್ಟೋಬರ್ ನಂತರ. ಕಾಂಡಕ್ಕೆ ಈ ಔಷಧಿ ಬೀಳುವುದೂ ಆಗಲೇ. ಹಾಗಾಗಿ ಮುಂಗಾರಿನ ಮೊದಲ ಜೋರು ಮಳೆಯ ನೀರನ್ನು ಬಿಡಬೇಡಿ. ಜುಲೈ ನೀರಲ್ಲಿ ಅದು ತುಂಬ ತೆಳುವಾಗಿರುತ್ತದೆ.

ಕಾಲಮ್‌ಕೋಣೆ:
ಒತ್ತಡದ ಬಗ್ಗೆ. ಸಣ್ಣ ಜೇಡಿ ಕಣ ಫಿಲ್ಟರ್ ದಾಟಿ ಟ್ರ್ಯಾಪ್‌ನ ಮುಂಭಾಗದ ಸಣ್ಣ ರಂಧ್ರದ ಬಿಲ್ಲೆ, ಅಂದರೆ ಫ್ರಿಟ್‌ನಲ್ಲಿ ಕೂರುತ್ತದೆ. ಫಿಲ್ಟರ್‌ಗೆ ಮೊದಲು 4,000 ಆರ್‌ಪಿಎಂನಲ್ಲಿ 10 ನಿಮಿಷ ತಿರುಗಿಸಿ, ಗಾಜಿನ ಟ್ಯೂಬ್‌ನಲ್ಲೇ. ಡಿ10 ಅದಕ್ಕೂ ಮೊದಲೇ ಬೀಳಲಿ. ಹಿಮ್ಮುಖ ಎಲ್ಯೂಷನ್‌ನಲ್ಲಿ ಫ್ರಿಟ್‌ನ ಕಸ ನೇರ ಸಿ18 ಕಾಲಮ್‌ಗೆ ಹೋಗುವ ಅಪಾಯವಿದೆ, ನಡುವೆ 0.2 ಮೈಕ್ರಾನ್ ಇನ್‌ಲೈನ್ ಫಿಲ್ಟರ್ ಇರಲಿ. ಪ್ರತಿ ಸ್ಯಾಂಪಲ್ ಆದಮೇಲೆ ವಾಲ್ವ್ ಹಿಂತಿರುಗಿಸಿ, ಅಸಿಟೋನೈಟ್ರೈಲ್-ಐಸೊಪ್ರೊಪನಾಲ್ ಸಮಭಾಗದಿಂದ 2 ನಿಮಿಷ ಟ್ರ್ಯಾಪ್ ತೊಳೆದು ವೇಸ್ಟ್‌ಗೆ ಬಿಡಿ, ಆಮೇಲೆ 2 ನಿಮಿಷ ನೀರು. ನೀರಿನ ಈ ಹಂತ ಬಿಟ್ಟರೆ ಮುಂದಿನ ಸ್ಯಾಂಪಲ್‌ನಲ್ಲಿ ಅಟ್ರಜೀನ್ ಕೂಡ ನಿಲ್ಲದೆ ಜಾರಬಹುದು. ಅತಿ ಹೆಚ್ಚಿನ ಸ್ಟ್ಯಾಂಡರ್ಡ್ ಹಿಂದೆ ಬ್ಲ್ಯಾಂಕ್ (ಕೀಟನಾಶಕ ಇಲ್ಲದ ನೀರು) ಓಡಿಸಿ. ಪೀಕ್ ಬಂದರೆ ಸೂಜಿ ತೊಳೆಯುವ ದ್ರಾವಣ, ವಾಲ್ವ್‌ನ ರೋಟರ್ ಸೀಲ್, ಈ ಕ್ರಮದಲ್ಲಿ ನೋಡಿ.

ಲಿಂಡೇನ್, ಇತರ ಎಚ್‌ಸಿಎಚ್‌ ಕೀಟನಾಶಕಗಳನ್ನು ಈ ಪಟ್ಟಿಗೆ ಸೇರಿಸುವ ಆಸೆಯಿದ್ದರೆ ಬೇಡ, ಎಲೆಕ್ಟ್ರೋಸ್ಪ್ರೇಯಲ್ಲಿ (ಟ್ರಿಪಲ್ ಕ್ವಾಡ್‌ಗೆ ಅಣುಗಳನ್ನು ಅಯಾನ್ ಮಾಡಿ ಕೊಡುವ ಭಾಗದಲ್ಲಿ) ಅವು ಸರಿಯಾಗಿ ಅಯಾನ್ ಆಗುವುದಿಲ್ಲ. ಅವಕ್ಕೆ ಜಿಸಿ-ಎಂಎಸ್ (ಗ್ಯಾಸ್ ಕ್ರೊಮ್ಯಾಟೊಗ್ರಫಿ) ಬೇಕು. ಡಿಸೆಂಬರ್‌ನಿಂದ ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಸುಲಿಯುವ) ನೀರು ತೊರೆಗೆ ಬಂದಾಗ ಸಿಗ್ನಲ್ ಕುಗ್ಗುತ್ತದೆ. ಆಗ ಸ್ಟ್ಯಾಂಡರ್ಡ್ ಅಡಿಷನ್ (ಅದೇ ನೀರಿಗೆ ಗೊತ್ತಿರುವ ಪ್ರಮಾಣ ಸೇರಿಸಿ ಅಳೆಯುವುದು) ಮಾಡಿ.

ಕೂಡಿಗೆ‌ಲ್ಯಾಬ್:
ಇದೇ ರನ್‌ನಲ್ಲಿ ಮೊನೊಕ್ರೋಟೊಫಾಸ್ ಕೀಟನಾಶಕ ಕೂಡ ಬೇಕು. ಮೆಥನಾಲ್ ಹಾಕಿದರೆ ಅದು ಟ್ರ್ಯಾಪ್‌ನಲ್ಲಿ ನಿಲ್ಲುತ್ತದೆಯೇ?

ಬ್ರಹ್ಮಗಿರಿ:
ಮೆಥನಾಲ್ ಇಲ್ಲದಿದ್ದರೂ 10 ಮಿ.ಲೀ.ಗೆ ಅದು ಟ್ರ್ಯಾಪ್ ದಾಟಿ ವೇಸ್ಟ್‌ಗೆ ಹೋಗುತ್ತದೆ, ಅಷ್ಟು ನೀರಿಗೆ ಒಗ್ಗುವ ಅಣು. ಆದರೆ ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರಲ್ಲಿ ಅದರ ಮಿತಿ ಲೀಟರ್‌ಗೆ 1 ಮೈಕ್ರೋಗ್ರಾಂ (ಕ್ಲೋರ್‌ಪೈರಿಫಾಸ್‌ಗೆ 30). ಒಳ್ಳೆಯ ಟ್ರಿಪಲ್ ಕ್ವಾಡ್‌ನಲ್ಲಿ 100 ಮೈಕ್ರೋಲೀಟರ್ ನೇರ ಇಂಜೆಕ್ಷನ್ ಸಾಕು. ಟ್ರ್ಯಾಪ್ ಬಿಟ್ಟು ಅದಕ್ಕೊಂದು ಬೇರೆ ಮೆಥಡ್, ಬೇರೆ ವಯಲ್ ಇಡಿ.