ಒಬ್ಬ ಕ್ಲೈಂಟ್ ಮಾಯವಾದರೆ ಇಡೀ ಚಾಟ್ ಸರ್ವರ್ ನಿಲ್ಲುತ್ತಿದೆ (ಲಿನಕ್ಸ್, ಸಿ, ಇಪೋಲ್)

ಸಾಕೆಟ್‌ಹುಳು:
ನಮಸ್ಕಾರ. ಸಿ ಭಾಷೆಯಲ್ಲಿ ಚಿಕ್ಕದೊಂದು ಚಾಟ್ ಸರ್ವರ್ ಬರೆಯುತ್ತಿದ್ದೇನೆ. ಥ್ರೆಡ್ ಇಲ್ಲ, ಒಂದೇ ಇಪೋಲ್ (ಯಾವ ಕನೆಕ್ಷನ್ ಓದಲು-ಬರೆಯಲು ಸಿದ್ಧ ಅಂತ ಹೇಳುವ ಲಿನಕ್ಸ್ ಸೌಲಭ್ಯ) ಲೂಪ್. ಯಾರಾದರೂ ಒಂದು ಸಾಲು ಕಳಿಸಿದರೆ ರೂಮಿನಲ್ಲಿರುವ ಎಲ್ಲರಿಗೂ ಸೆಂಡ್ ಮಾಡುತ್ತೇನೆ, ಅಷ್ಟೇ. ಚೆನ್ನಾಗಿಯೇ ಓಡುತ್ತಿರುತ್ತದೆ. ಆದರೆ ಯಾರಾದರೂ ಲಾಗೌಟ್ ಮಾಡದೆ ಲ್ಯಾಪ್‌ಟಾಪ್ ಮುಚ್ಚಿಬಿಟ್ಟರೆ, ಸ್ವಲ್ಪ ಹೊತ್ತಿಗೆ ಎಲ್ಲರ ಚಾಟೂ ನಿಂತುಹೋಗುತ್ತದೆ. ಹೊಸಬರಿಗೆ ಕನೆಕ್ಟ್ ಆದ ಹಾಗೆ ಕಾಣುತ್ತದೆ, ಸ್ವಾಗತದ ಸಾಲು ಮಾತ್ರ ಬರುವುದಿಲ್ಲ. ಸಿಪಿಯು ಬಳಕೆ ಸೊನ್ನೆ. ಕಾಲು ಗಂಟೆ ಸುಮ್ನೆ ಬಿಟ್ಟರೆ ತಾನೇ ಸರಿಹೋಗುತ್ತದೆ! ಹೊಸ ಕನೆಕ್ಷನ್‌ಗಳಿಗೆ ಕಾಯುವ ಲಿಸನ್ ಸಾಕೆಟ್‌ಗೆ ನಾನ್‌ಬ್ಲಾಕಿಂಗ್ (ಕೆಲಸ ಆಗದಿದ್ದರೆ ಕಾಯದೆ ತಕ್ಷಣ ವಾಪಸ್ ಬರುವುದು) ಹಾಕಿದ್ದೇನೆ. ಇಪೋಲ್ ಇದ್ದ ಮೇಲೆ ಬ್ಲಾಕ್ ಆಗಬಾರದು ಅಲ್ವಾ?

ಹಳೇಬೈಟ್:
ಸಿಪಿಯು ಸೊನ್ನೆ ಅಂದರೆ ಲೂಪ್ ಸುತ್ತುತ್ತಿಲ್ಲ, ಎಲ್ಲೋ ಮಲಗಿದೆ. ಮುಂದಿನ ಸಲ ನಿಂತಾಗ ಎಸ್‌ಟ್ರೇಸ್ (ಪ್ರೋಗ್ರಾಂ ಕರ್ನೆಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಸಾಧನ) ಹಾಕಿ ಯಾವ ಕಾಲ್‌ನಲ್ಲಿ ಸಿಕ್ಕಿಕೊಂಡಿದೆ ನೋಡಿ. ಇಪೋಲ್ ವೇಯ್ಟ್‌ನಲ್ಲಿದ್ದರೆ ಒಂದು ಕಥೆ, ಬೇರೆ ಕಡೆ ಇದ್ದರೆ ಬೇರೆ ಕಥೆ.

ಸಾಕೆಟ್‌ಹುಳು:
ನೋಡಿದೆ. ಸೆಂಡ್ ಕಾಲ್‌ನಲ್ಲೇ ನಿಂತಿದೆ, ವಾಪಸ್ ಬರುತ್ತಿಲ್ಲ. ಕನೆಕ್ಷನ್‌ಗಳ ಸ್ಥಿತಿ ತೋರಿಸುವ ಎಸ್‌ಎಸ್ ಕಮ್ಯಾಂಡ್‌ನಲ್ಲಿ, ಮಾಯವಾದವನ ಆ ಒಂದು ಕನೆಕ್ಷನ್‌ನ ಸೆಂಡ್-ಕ್ಯೂ (ಆ ಕಡೆ ತಲುಪಿದ್ದು ಇನ್ನೂ ಖಚಿತವಾಗದ ಬೈಟ್‌ಗಳು) ಮಾತ್ರ ತುಂಬಾ ಜಾಸ್ತಿ ತೋರಿಸುತ್ತಿದೆ, ಉಳಿದವೆಲ್ಲ ಸೊನ್ನೆ.

ಹಳೇಬೈಟ್:
ಹಾಗಾದರೆ ಸಿಕ್ಕಿತು. ಲಿನಕ್ಸ್‌ನಲ್ಲಿ ಲಿಸನ್ ಸಾಕೆಟ್‌ಗೆ ಹಾಕಿದ ನಾನ್‌ಬ್ಲಾಕ್ ಫ್ಲ್ಯಾಗ್, ಆಕ್ಸೆಪ್ಟ್ ಕಾಲ್ ಪ್ರತಿ ಕ್ಲೈಂಟ್‌ಗೂ ಕೊಡುವ ಹೊಸ ಸಾಕೆಟ್‌ಗೆ ಬರುವುದಿಲ್ಲ. ಬಿಎಸ್‌ಡಿಗಳಲ್ಲಿ (ಯೂನಿಕ್ಸ್ ಕುಟುಂಬದ ಇನ್ನೊಂದು ಗುಂಪಿನ ಓಎಸ್‌ಗಳು) ಬರುತ್ತದೆ, ಅದಕ್ಕೇ ಅಲ್ಲಿ ಬರೆದ ಕೋಡ್ ನೋಡಿ ಇಲ್ಲಿ ಬರೆದರೆ ಹೀಗೆ ಕೈಕೊಡುತ್ತದೆ. ಆಕ್ಸೆಪ್ಟ್ ಬದಲು ಆಕ್ಸೆಪ್ಟ್4 ಬಳಸಿ, ಅದರಲ್ಲೇ ಸಾಕ್-ನಾನ್‌ಬ್ಲಾಕ್ ಫ್ಲ್ಯಾಗ್ ಕೊಡಬಹುದು.

ಇಪೋಲ್ ನಿಮ್ಮ ಸಾಕೆಟ್‌ಗೆ ಏನೂ ಮಾಡುವುದಿಲ್ಲ. ಯಾವುದು ಸಿದ್ಧವಾಗಿದೆ ಅಂತ ಹೇಳುತ್ತದೆ, ಅಷ್ಟೇ. ನೀವಂತೂ ಬರೆಯುವ ಮೊದಲು ಅದನ್ನೂ ಕೇಳುತ್ತಿಲ್ಲ, ನೇರವಾಗಿ ಸೆಂಡ್ ಮಾಡುತ್ತಿದ್ದೀರಿ. ಆ ಕಡೆಯವನು ಎಸಿಕೆ (ತಲುಪಿತು ಎಂಬ ಉತ್ತರ) ಕಳಿಸುತ್ತಿಲ್ಲ, ಹಾಗಾಗಿ ಕರ್ನೆಲ್‌ನ ಸೆಂಡ್ ಬಫರ್ ತುಂಬುವವರೆಗೂ ಎಲ್ಲ ಸರಿಯಾಗಿಯೇ ಕಾಣುತ್ತದೆ, ತುಂಬಿದ ಮೇಲೆ ಸೆಂಡ್ ನಿಲ್ಲುತ್ತದೆ, ಒಂದೇ ಥ್ರೆಡ್ ಆದ್ದರಿಂದ ಊರೇ ನಿಲ್ಲುತ್ತದೆ. ಹೊಸಬರು ಕನೆಕ್ಟ್ ಆದಂತೆ ಕಾಣುವುದು ಕನೆಕ್ಷನ್ ಶುರುಮಾಡುವ ಹ್ಯಾಂಡ್‌ಶೇಕ್ ಅನ್ನು ಕರ್ನೆಲ್ಲೇ ಮುಗಿಸುವುದರಿಂದ. ನಿಮ್ಮ ಕಾಲು ಗಂಟೆಯ ಗುಟ್ಟೂ ಇಲ್ಲೇ ಇದೆ: ಟಿಸಿಪಿ-ರೀಟ್ರೈಸ್2 ಎಂಬ ಕರ್ನೆಲ್ ಸೆಟ್ಟಿಂಗ್‌ನ ಡಿಫಾಲ್ಟ್ ಬೆಲೆ 15, ಅಷ್ಟು ಸಲ ಮತ್ತೆ ಮತ್ತೆ ಕಳಿಸಿ ಕರ್ನೆಲ್ ಕೈಬಿಡುವ ಹೊತ್ತಿಗೆ ಕಡಿಮೆ ಅಂದರೂ 924 ಸೆಕೆಂಡ್ ಆಗುತ್ತದೆ.

ಪೋಲ್‌ಪ್ರಿಯ:
ಲ್ಯಾಪ್‌ಟಾಪ್ ಮುಚ್ಚಿ ಕಾಯಬೇಕಾಗಿಲ್ಲ. ಟರ್ಮಿನಲ್‌ನಲ್ಲಿ ಕ್ಲೈಂಟ್ ಓಡಿಸಿ ಕಂಟ್ರೋಲ್-ಝಡ್ ಒತ್ತಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಇನ್ನೊಂದರಿಂದ ಸಾಲುಗಳನ್ನು ಸುರಿಯಿರಿ. ನಾಲ್ಕು ಸಾಲು ಸಾಲದು, ಎರಡೂ ಕಡೆಯ ಬಫರ್ ತುಂಬಬೇಕು. ಇಲ್ಲಿ ಇನ್ನೂ ಕೆಟ್ಟದ್ದು ಏನೆಂದರೆ, ಆ ಕಡೆ ಕರ್ನೆಲ್ ಬದುಕಿದ್ದು ವಿಂಡೋ ಸೊನ್ನೆ (ಇನ್ನು ಜಾಗ ಇಲ್ಲ) ಅಂತ ಉತ್ತರ ಕೊಡುತ್ತಲೇ ಇರುತ್ತದೆ, ಹಾಗಾಗಿ ಕಾಲು ಗಂಟೆಯ ಟೈಮ್‌ಔಟ್ ಕೂಡ ಬರುವುದಿಲ್ಲ.

ಸಾಕೆಟ್‌ಹುಳು:
ಆಕ್ಸೆಪ್ಟ್4 ಹಾಕಿದೆ, ಈಗ ನಿಲ್ಲುವುದಿಲ್ಲ. ಆದರೆ ನಿಧಾನ ಇರುವವರಿಗೆ ಸಾಲುಗಳು ಅರ್ಧಕ್ಕೇ ಕತ್ತರಿಸಿ ಬರುತ್ತಿವೆ, ಕೆಲವು ಬರುವುದೇ ಇಲ್ಲ. ಸರಿ ಅಂತ ಇಪೋಲ್‌ಔಟ್ (ಬರೆಯಲು ಜಾಗ ಇದ್ದಾಗ ತಿಳಿಸು ಎಂಬ ಸೂಚನೆ) ಸೇರಿಸಿದರೆ ಸಿಪಿಯು 100% ಆಗಿ ಕೂತಿದೆ.

ಹಳೇಬೈಟ್:
ಎರಡೂ ನಿರೀಕ್ಷಿತವೇ. ನಾನ್‌ಬ್ಲಾಕಿಂಗ್ ಸೆಂಡ್‌ಗೆ 300 ಬೈಟ್ ಕೊಟ್ಟರೆ 120 ಮಾತ್ರ ತೆಗೆದುಕೊಂಡು 120 ಅಂತ ವಾಪಸ್ ಕೊಡಬಹುದು, ಅಥವಾ ಏನೂ ತೆಗೆದುಕೊಳ್ಳದೆ -1 ಕೊಟ್ಟು ಎರರ್‌ನೋದಲ್ಲಿ (ತಪ್ಪಿನ ಸಂಖ್ಯೆ ಇಡುವ ಜಾಗ) ಇ-ಅಗೇನ್, ಅಂದರೆ 'ಈಗ ಆಗದು, ಆಮೇಲೆ ನೋಡು' ಅಂತ ಇಡಬಹುದು. ಉಳಿದ 180ನ್ನು ಕಾಪಾಡುವುದು ನಿಮ್ಮ ಕೆಲಸ. ಪ್ರತಿ ಕ್ಲೈಂಟ್‌ಗೂ ಒಂದು ಔಟ್‌ಪುಟ್ ಕ್ಯೂ ಇಡಿ. ಕ್ಯೂ ಖಾಲಿ ಇದ್ದರೆ ಮಾತ್ರ ನೇರ ಸೆಂಡ್, ಇಲ್ಲದಿದ್ದರೆ ಹೊಸ ಸಾಲು ಕ್ಯೂವಿನ ಹಿಂದೆ ಸೇರಲಿ. ಇದನ್ನು ಮರೆತರೆ ಹಿಂದಿನ ಸಾಲಿನ ಹೊಟ್ಟೆಯೊಳಗೆ ಮುಂದಿನ ಸಾಲು ಹೋಗಿ ಕೂರುತ್ತದೆ.

ಇಪೋಲ್‌ಔಟ್ ಯಾವಾಗಲೂ ಆನ್ ಇರಬಾರದು. ಬಫರ್‌ನಲ್ಲಿ ಜಾಗ ಇದ್ದಷ್ಟು ಹೊತ್ತೂ ಲೆವೆಲ್-ಟ್ರಿಗರ್ ಇಪೋಲ್ 'ಬರೆಯಬಹುದು, ಬರೆಯಬಹುದು' ಅಂತ ಎಬ್ಬಿಸುತ್ತಲೇ ಇರುತ್ತದೆ. ಕ್ಯೂವಿನಲ್ಲಿ ಏನಾದರೂ ಉಳಿದರೆ ಆನ್ ಮಾಡಿ, ಖಾಲಿಯಾದ ತಕ್ಷಣ ಆಫ್ ಮಾಡಿ.

ಕ್ಯೂಗೆ ಒಂದು ಮಿತಿ ಇರಲೇಬೇಕು. ಇಲ್ಲದಿದ್ದರೆ ಸರ್ವರ್ ನಿಲ್ಲುವ ಬದಲು ಮೆಮೊರಿ ತಿಂದು ಸಾಯುತ್ತದೆ. ಐಆರ್‌ಸಿ (ಹಳೆಯ ಚಾಟ್ ವ್ಯವಸ್ಥೆ) ಸರ್ವರ್‌ಗಳು ಇದನ್ನು ಸೆಂಡ್‌ಕ್ಯೂ ಅನ್ನುತ್ತವೆ, ಮಿತಿ ಮೀರಿದವರನ್ನು ಮುಲಾಜಿಲ್ಲದೆ ಹೊರಹಾಕುತ್ತವೆ. ನೀವೂ ಹಾಗೇ ಮಾಡಿ.

ಪೋಲ್‌ಪ್ರಿಯ:
ಎಡ್ಜ್-ಟ್ರಿಗರ್ (ಸ್ಥಿತಿ ಬದಲಾದಾಗ ಮಾತ್ರ ಎಬ್ಬಿಸುವ ರೀತಿ) ಮಾಡಿದರೆ ವೇಗ ಜಾಸ್ತಿ ಅಂತ ಯಾರಾದರೂ ಹೇಳಿದರೆ ಈಗಲೇ ಕೇಳಬೇಡಿ. ಅದರಲ್ಲಿ ಇ-ಅಗೇನ್ ಬರುವವರೆಗೂ ಓದದಿದ್ದರೆ, ಉಳಿದ ಡೇಟಾಗೆ ಮತ್ತೆ ಎಬ್ಬಿಸದೆ ಇರಬಹುದು. ಇನ್ನೊಂದು: ಕನೆಕ್ಟ್ ಆದವರ ಹೋಸ್ಟ್ ಹೆಸರು ಹುಡುಕಲು ಗೆಟ್‌ನೇಮ್‌ಇನ್ಫೋ ಕರೆಯುತ್ತಿದ್ದರೆ ಅದೂ ಬ್ಲಾಕ್ ಆಗುತ್ತದೆ. ಡಿಎನ್‌ಎಸ್ ಉತ್ತರ ತಡವಾದಷ್ಟು ಹೊತ್ತೂ ಎಲ್ಲರೂ ಕಾಯಬೇಕು.

ಸಾಕೆಟ್‌ಹುಳು:
ಕ್ಯೂ ಹಾಕಿದ ಮೇಲೆ ಸಾಲುಗಳು ಪೂರ್ತಿ ಬರುತ್ತಿವೆ, ಸಿಪಿಯು ಕೂಡ ತಣ್ಣಗಿದೆ. ಮಿತಿ ಮೀರಿದವರನ್ನು ಹೊರಹಾಕುವಾಗ ಮಾತ್ರ ಒಮ್ಮೊಮ್ಮೆ ಸೆಗ್‌ಫಾಲ್ಟ್ ಆಗಿ (ತಪ್ಪು ಮೆಮೊರಿ ಮುಟ್ಟಿ) ಸರ್ವರ್ ಬೀಳುತ್ತಿದೆ.

ಹಳೇಬೈಟ್:
ಎಲ್ಲರಿಗೂ ಸಾಲು ಹಂಚುವ ಲೂಪ್‌ನ ಮಧ್ಯದಲ್ಲೇ ಹೊರಹಾಕಿದ ಕ್ಲೈಂಟ್‌ನ ಮೆಮೊರಿ ಫ್ರೀ ಮಾಡುತ್ತಿದ್ದೀರಿ ಅನ್ನಿಸುತ್ತದೆ. ಅದೇ ಕ್ಲೈಂಟ್‌ನ ಇನ್ನೊಂದು ಈವೆಂಟ್ ಇಪೋಲ್ ವೇಯ್ಟ್ ಕೊಟ್ಟ ಪಟ್ಟಿಯಲ್ಲಿ ಇನ್ನೂ ಮುಂದೆ ಇರಬಹುದು, ಅದರ ಪಾಯಿಂಟರ್ ಈಗ ಸತ್ತಿದೆ. ಅಲ್ಲಿ 'ಸಾಯಬೇಕು' ಅಂತ ಗುರುತು ಮಾತ್ರ ಹಾಕಿ. ಪಟ್ಟಿ ಪೂರ್ತಿ ಮುಗಿದ ಮೇಲೆ, ಮುಂದಿನ ವೇಯ್ಟ್‌ಗೆ ಹೋಗುವ ಮೊದಲು ಕ್ಲೋಸ್ ಮತ್ತು ಫ್ರೀ ಮಾಡಿ.